ವಯೊಲಾ ಒಂದು ಸಿಕ್ಕರೆ ನಾಲ್ವರು ಸಿಕ್ಕಂತೆ

ಮಾನ್ಯರೆ,

ಪಾಶ್ಚಾತ್ಯ ಪಿಟೀಲು ಕಲಿಯುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಗ್ರೇಡ್ ಪರೀಕ್ಷೆಗೆಂದು ಒಂದಷ್ಟು ತುಣುಕು ಉರುಹೊಡೆದು, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಸುಮ್ಮನಾಗುತ್ತಾರೆ. ಎರಡು ಪಿಟೀಲು, ಒಂದು ವಯೊಲಾ, ಒಂದು ಚೆಲ್ಲೊ ಹಿಡಿದು ನಿರ್ದೇಶಕನಿಲ್ಲದೆ ನಾಲ್ವರೇ ಕೂತು ನುಡಿಸುವ ಸ್ಟ್ರಿಂಗ್ ಕ್ವಾರ್ಟೆಟ್ ಅವರಿಗೆ ಯೂಟ್ಯೂಬಿನಲ್ಲಿ ನೋಡುವ ಸಂಗತಿಯಷ್ಟೆ. ಕೃತಿಗಳು ಸಿಗುವುದಿಲ್ಲ ಎಂಬ ನೆಪ ಈಗ ನಡೆಯದು. ಸ್ಯಾನ್ ಫ್ರಾನ್ಸಿಸ್ಕೊದ ಕ್ರೋನೋಸ್ ಕ್ವಾರ್ಟೆಟ್ 2015ರಲ್ಲಿ ಶುರುಮಾಡಿದ 'ಫಿಫ್ಟಿ ಫಾರ್ ದ ಫ್ಯೂಚರ್' ಯೋಜನೆಯಲ್ಲಿ ಎಳೆಯ ವಾದಕರಿಗೆಂದೇ 50 ಹೊಸ ಕೃತಿಗಳನ್ನು ಬರೆಸಲಾಯಿತು. ನಾಲ್ವರ ಸ್ವರಲಿಪಿಯೂ ಒಟ್ಟಿಗಿರುವ ಸ್ಕೋರ್, ಒಬ್ಬೊಬ್ಬರ ಬಿಡಿ ಪಾರ್ಟು, ಧ್ವನಿಮುದ್ರಣ ಎಲ್ಲವೂ ಜಾಲತಾಣದಲ್ಲಿ ಉಚಿತ. ಜಾಕಿರ್ ಹುಸೇನರ 'ಪಲ್ಲವಿ'ಯೂ ಅಲ್ಲಿದೆ. ಎಲ್ಲವೂ ಸುಲಭವೇನಲ್ಲ, ಆರಿಸಿಕೊಳ್ಳಬೇಕು.

ನಿಜವಾದ ಅಡ್ಡಿ ವಯೊಲಾ, ಪಿಟೀಲಿಗಿಂತ ತುಸು ದೊಡ್ಡ, ತಗ್ಗಿನ ದನಿಯ ವಾದ್ಯ. ಅದನ್ನೇ ಕಲಿಯುತ್ತೇನೆಂದು ಬರುವ ಮಗು ಅಪರೂಪ. ಪೂರ್ತಿ ಅಳತೆಯ ಪಿಟೀಲಿನ ಒಡಲು ಸುಮಾರು 14 ಇಂಚು. ಅದೇ 14 ಇಂಚಿನ ವಯೊಲಾ ಕೊಟ್ಟರೆ ಪಿಟೀಲಿನ ಹುಡುಗಿಯ ಬೆರಳಿಗೆ ಅಂಥ ವ್ಯತ್ಯಾಸ ತಿಳಿಯದು. ಒಡಲು ಚಿಕ್ಕದಾದ್ದರಿಂದ ಅತಿ ತಗ್ಗಿನ ಸಿ ತಂತಿ ಮಾತ್ರ ಕೆಮ್ಮಿದಂತೆ ಕೇಳಿಸುತ್ತದೆ, ಸಹಿಸಿಕೊಳ್ಳಬೇಕು. ವಯೊಲಾದ ಸ್ವರಲಿಪಿಯ ಗುರುತಾದ ಆಲ್ಟೊ ಕ್ಲೆಫ್ ಓದಲು ಹಳೆಯ ಉಪಾಯವೊಂದಿದೆ: ಪಿಟೀಲಿನ ಟ್ರೆಬಲ್ ಕ್ಲೆಫನ್ನು ಮೂರನೇ ಪೊಸಿಷನ್ನಿನಲ್ಲಿ (ಎಡಗೈ ತಂತಿಯ ಮೇಲೆ ನಿಲ್ಲುವ ಜಾಗ) ಓದುತ್ತಿದ್ದೇನೆ ಎಂದುಕೊಂಡು, ಅದೇ ಬೆರಳನ್ನು ವಯೊಲಾದ ಮೊದಲ ಪೊಸಿಷನ್ನಿನಲ್ಲಿ ಇಡುವುದು. ಮೊದಲ ವಾರಕ್ಕೆ ಅದು ಸಾಕು. ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಶಾರ್ಪ್, ಇಳಿಸುವ ಫ್ಲ್ಯಾಟ್ ಬಂದೊಡನೆ ಕೈಕೊಡುತ್ತದೆ, ಹಾಗಾಗಿ ಎರಡನೇ ವಾರದಿಂದ ಸ್ವರದ ಹೆಸರು ಹೇಳಿಸಿಯೇ ಓದಿಸಬೇಕು.

ಇನ್ನು ಶ್ರುತಿ. ನಾಲ್ವರೂ ತಂತಿಗಳನ್ನು ಶುದ್ಧ ಪಂಚಮಕ್ಕೆ ಬಿಗಿದರೆ ಚೆಲ್ಲೋದ ಸಿ ತಂತಿಯೂ ಪಿಟೀಲಿನ ಇ ತಂತಿಯೂ ಒಂದಕ್ಕೊಂದು ಒಗ್ಗುವುದಿಲ್ಲ. ಸಿ, ಜಿ, ಡಿ, ಎ, ಇ ಎಂದು ನಾಲ್ಕು ಪಂಚಮ ಹತ್ತಿದಾಗ ಸಿಗುವ ಗಾಂಧಾರ, ತಂಬೂರಿಯ ಮಂದ್ರ ಷಡ್ಜದಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ. ಮನೆಯಲ್ಲಿ ತಂಬೂರಿ ಕೇಳಿ ಬೆಳೆದ ಮಗು ಇದನ್ನು ಥಟ್ಟನೆ ಹಿಡಿಯುತ್ತದೆ, ಟ್ಯೂನರಿನ ಹಸಿರು ದೀಪ ನಂಬಿದ ಮಗುವಿಗೆ ಗೊತ್ತೇ ಆಗದು. ಎ ತಂತಿಯನ್ನು ಹಾಗೇ ಇಟ್ಟು, ಸಿ, ಜಿ ತಂತಿಗಳನ್ನು ಕೂದಲೆಳೆಯಷ್ಟು ಏರಿಸಿದರೆ ಸಮಾಧಾನ.

45 ನಿಮಿಷದ ಅಭ್ಯಾಸದಲ್ಲಿ 16 ಬಾರ್‌ಗಿಂತ (ಸ್ವರಲಿಪಿಯಲ್ಲಿ ಗೆರೆ ಹಾಕಿ ಬೇರ್ಪಡಿಸಿದ ತಾಳದ ಭಾಗ) ಹೆಚ್ಚು ಹಿಡಿಯಬಾರದು. ಮೊದಲು ಎರಡನೇ ಪಿಟೀಲು, ವಯೊಲಾ ಎರಡನ್ನೇ ನುಡಿಸಿ. ಲಯ ಕುಸಿಯುವುದು ಸಾಮಾನ್ಯವಾಗಿ ಅಲ್ಲೇ, ದೂರು ಹೋಗುವುದು ಮಾತ್ರ ಮೊದಲ ಪಿಟೀಲಿನ ಮೇಲೆ. ವಿರಾಮ ಎಣಿಸುತ್ತಾ ದಾರಿ ತಪ್ಪುವ ಮಗುವಿನ ಪಾರ್ಟಿನಲ್ಲಿ, ಪಕ್ಕದವರು ಆಗ ನುಡಿಸುವ ಎರಡು ಸ್ವರಗಳನ್ನು ಪೆನ್ಸಿಲಿನಲ್ಲಿ ಬರೆದುಕೊಡಿ. ಟಕ್ ಟಕ್ ಎಂದು ಲಯ ಹಾಕುವ ಮೆಟ್ರೊನೋಮ್ ಯಂತ್ರವನ್ನು ಅಭ್ಯಾಸದುದ್ದಕ್ಕೂ ಹಾಕಬೇಡಿ, ಮಕ್ಕಳು ಅದನ್ನು ಕೇಳುತ್ತಾರೆಯೇ ಹೊರತು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಸ್ಟ್ಯಾಂಡು ಎದೆಮಟ್ಟಕ್ಕೆ ಇಳಿಸಿದರೆ ಪರಸ್ಪರ ಬಿಲ್ಲು ಕಾಣುತ್ತದೆ. ಎತ್ತುಗಡೆಗೆ ತಲೆಯಾಡಿಸಿದರೆ ಸಾಲದು, ಬರುವ ಲಯದಲ್ಲೇ ಉಸಿರೆಳೆಯಬೇಕು. ಖಂಡ, ಮಿಶ್ರ ನಡೆಗಳನ್ನು ಕೈಯಲ್ಲಿ ಹಾಕಿ ಬಲ್ಲ ಮಕ್ಕಳಿಗೆ ಐದು, ಏಳರ ಬಾರ್‌ಗಳು ಕಷ್ಟವಾಗವು.

ಶಾಲೆಗಳಲ್ಲಿ ನುಡಿಸುವಾಗ ಮೈಕು ಬೇಡ, ವೇದಿಕೆಯೂ ಬೇಡ. ಮಕ್ಕಳನ್ನು ಸುತ್ತ ನೆಲದ ಮೇಲೆ ಕೂರಿಸಿ, ಒಂದೇ ಭಾಗವನ್ನು ಒಮ್ಮೆ ವಯೊಲಾ ಬಿಟ್ಟು, ಇನ್ನೊಮ್ಮೆ ಸೇರಿಸಿ ನುಡಿಸಿ ತೋರಿಸಿ. ಭಾಷಣಕ್ಕಿಂತ ಅದು ಬೇಗ ತಲುಪುತ್ತದೆ.

ಏಪ್ರಿಲಿನಲ್ಲಿ ಬೇಸಿಗೆ ಶಿಬಿರ ಏರ್ಪಡಿಸುವ ಸಂಗೀತ ಶಾಲೆಗಳು ಐದು ದಿನವನ್ನು ಇದಕ್ಕೆ ಮೀಸಲಿಡಲಿ. ವಯೊಲಾ ಹುಡುಕುವ ಕೆಲಸ ಮಾತ್ರ ಜನವರಿಯಲ್ಲೇ ಆಗಬೇಕು.

– ಪಿಟೀಲು ಶಿಕ್ಷಕರು, ಮೈಸೂರು