ಶನಿವಾರದ ಪ್ರದರ್ಶನ: ಧ್ವನಿ ತಂಡಕ್ಕೆ ಸೂಚನೆ

ಎಲ್ಲರಿಗೂ ನಮಸ್ಕಾರ. ಶನಿವಾರ ರವೀಂದ್ರ ಕಲಾಕ್ಷೇತ್ರದಲ್ಲಿ ಸಂಜೆ 4ಕ್ಕೆ ಸೌಂಡ್ ಚೆಕ್. ಧ್ವನಿ ನೋಡಿಕೊಳ್ಳುವ ಮೂವರೂ 3:30ಕ್ಕೇ ಬನ್ನಿ.

ಕ್ಯೂಲ್ಯಾಬ್‌ನಲ್ಲಿ (ಪ್ರದರ್ಶನದ ಧ್ವನಿಗಳನ್ನು ಮ್ಯಾಕ್‌ನಿಂದ ನುಡಿಸುವ ಸಾಫ್ಟ್‌ವೇರ್) ಸ್ಪೇಸ್ ಒತ್ತಿದರೆ ಮುಂದಿನ ಕ್ಯೂ, ಅಂದರೆ ಸರದಿಯ ಮುಂದಿನ ಧ್ವನಿ, ಶುರು. ಎಸ್ಕೇಪ್ ಒಮ್ಮೆ ಒತ್ತಿದರೆ ಧ್ವನಿ ಮೆಲ್ಲನೆ ಇಳಿದು ನಿಲ್ಲುತ್ತದೆ, ಬೇಗ ಎರಡು ಸಲ ಒತ್ತಿದರೆ ಥಟ್ಟನೆ ಕಟ್. ಗಾಬರಿಯಲ್ಲಿ ಸ್ಪೇಸ್ ಎರಡು ಸಲ ಒತ್ತಿ ಅದರ ಮುಂದಿನ ಕ್ಯೂ ಕೂಡ ಆಗಲೇ ಶುರುವಾಗುವುದೇ ಹೆಚ್ಚು. ಅದಕ್ಕೇ ಡಬಲ್ ಗೋ ಪ್ರೊಟೆಕ್ಷನ್ (ತಕ್ಷಣ ಎರಡನೇ ಸಲ ಒತ್ತಿದ್ದನ್ನು ಲೆಕ್ಕಿಸದಿರುವ ಸೆಟ್ಟಿಂಗ್) 1 ಸೆಕೆಂಡಿಗೆ ಇಡಿ.

ಐಪ್ಯಾಡ್ ರಿಮೋಟ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಬೇಡವೇ ಬೇಡ. ಸಭಾಂಗಣ ತುಂಬಿದಾಗ ನೂರಾರು ಫೋನುಗಳ ನಡುವೆ 2.4 ಗಿಗಾಹರ್ಟ್ಸ್ ಸಿಗ್ನಲ್ ತಡವರಿಸುತ್ತದೆ. ನಮ್ಮದೇ ರೂಟರ್, 5 ಗಿಗಾಹರ್ಟ್ಸ್, ಮ್ಯಾಕ್‌ಗೆ ಕೇಬಲ್. ಸ್ಲೀಪ್, ನೋಟಿಫಿಕೇಶನ್ ಆಫ್. ರಿಮೋಟ್ ಕೈಕೊಡಬಹುದೆಂದು ಕೀಬೋರ್ಡ್ ಬಳಿ ಒಬ್ಬರು ಇರಲೇಬೇಕು.

ಯಾರು ಕೂರುತ್ತೀರಿ? ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.