ವಿರೋಧ ಪಕ್ಷದ ನಾಯಕನಿಗೆ

ಲೋ ನಾಯಕ,

ಪುಣೆಯಲ್ಲಿ ಜಗಳ ಆಡೋಕೆ ಯಾರಾದರೂ ಸಿಕ್ಕರಾ? ಇಲ್ಲ, ಆಫೀಸಿನವರೆಲ್ಲ ನಿನ್ನನ್ನು ಸಾಧು ಮನುಷ್ಯ ಅಂತಲೇ ನಂಬಿಕೊಂಡಿದ್ದಾರಾ? ಇದನ್ನು ಓದುವವರಲ್ಲಿ ಅರ್ಧ ಜನಕ್ಕೆ ನೀನು ಗೊತ್ತು. ಉಳಿದವರಿಗೆ ಇಷ್ಟು ಸಾಕು: ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಸಾಲೆ ದೋಸೆ ತಿನ್ನುವಷ್ಟರಲ್ಲಿ ಎರಡು ಸರ್ಕಾರ ಬೀಳಿಸಬಲ್ಲ ಆಸಾಮಿ. ಎಮ್ಮೆ ವಿಷಯ ಎತ್ತಲ್ಲ, ಹೆದರಬೇಡ.

ನೀನು ಹೋದ ಮೇಲೆ ಟೀ ಅಂಗಡಿ ಕಟ್ಟೆ ಸಪ್ಪೆಯಾಗಿದೆ. ಜನ ಕಮ್ಮಿಯಾಗಿಲ್ಲ, ಮಾತೂ ಕಮ್ಮಿಯಾಗಿಲ್ಲ. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ 'ಹೂಂ ಮತ್ತೆ' ಅನ್ನುತ್ತಾನೆ. ಮೂರನೆಯವನು ಅದನ್ನೇ ಜೋರಾಗಿ ಹೇಳುತ್ತಾನೆ. ಬೇರೆ ಥರ ಯೋಚಿಸುವವರು ಎದುರಿನ ಅಂಗಡಿಗೆ ಹೋಗುತ್ತಾರೆ, ಅಲ್ಲೂ ಇದೇ ಕಥೆಯಂತೆ. ಎರಡು ಅಂಗಡಿ, ಎರಡು ವಾಟ್ಸಾಪ್ ಗ್ರೂಪ್. ಟೀಗೆ ಹಾಕುವ ನೀರು ಮಾತ್ರ ಒಂದೇ ಟ್ಯಾಂಕಿನದು.

ನೀರು ಅಂದೆನಲ್ಲ, ಕೋಲಾರದ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಗೆ ನಾವು ಕಿತ್ತಾಡಿದ್ದು ಊರಿಗೇ ಗೊತ್ತು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಾಗ ನಾನು ಕುಣಿದಾಡಿದ್ದೆ. ಯಾಕೆ ಕುಣಿಯಬಾರದು? ವರ್ಷವಿಡೀ ಹರಿಯುವ ಒಂದು ನದಿ ಇಲ್ಲದ ಜಿಲ್ಲೆ ನಮ್ಮದು. 1,000 ಅಡಿ ದಾಟಿ ಕೊರೆಸಿದರೂ ಬರೀ ಧೂಳು, ನೀರು ಬಂದರೆ ಅದರಲ್ಲಿ ಫ್ಲೋರೈಡ್. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅಂದಾಗ ನನಗೆ ಟೊಮೆಟೊ ತೋಟವೇ ಕಣ್ಣಮುಂದೆ ಬಂತು. ನಿನ್ನದು ಒಂದೇ ಪಟ್ಟು: 'ಎರಡನೇ ಹಂತದ ಶುದ್ಧೀಕರಣ ಸಾಲದು, ಅದರಲ್ಲಿ ಉಳಿದದ್ದನ್ನೂ ತೆಗೆಯುವ ಮೂರನೇ ಹಂತ ಬೇಕು.' ನಿನ್ನನ್ನು ಅಭಿವೃದ್ಧಿ ವಿರೋಧಿ ಅಂತ ಕರೆದವರ ಸಾಲಿನಲ್ಲಿ ನಾನು ಮುಂದೆಯೇ ನಿಂತಿದ್ದೆ. ಜುಲೈನಲ್ಲಿ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ, ಅದೂ ತೆರವಾಯಿತು. ಕೆರೆ ತುಂಬಿತು, ಬತ್ತಿದ್ದ ಬೋರ್‌ವೆಲ್‌ಗೆ ಜೀವ ಬಂತು. ಗೆದ್ದ ಖುಷಿಗೆ ನಿನಗೆ ಟೀ ಕುಡಿಸಿದೆ. ಸಕ್ಕರೆ ಜಾಸ್ತಿ ಅಂತ ನೀನು ಅದಕ್ಕೂ ತಗಾದೆ ತೆಗೆದೆ.

ಈಗ ಕೇಳು. ಹೋದ ತಿಂಗಳು ನಮ್ಮ ಬೋರ್ ನೀರಲ್ಲಿ ಏನೋ ವಾಸನೆ ಅನ್ನಿಸಿತು. ಅನ್ನಿಸಿತು, ಅಷ್ಟೇ. ನನ್ನವಳು 'ನಿಮ್ಮ ಮೂಗು ತೋರಿಸಿಕೊಂಡು ಬನ್ನಿ' ಅಂದಳು. ಕಟ್ಟೆಯಲ್ಲಿ ಕೇಳೋಣ ಅಂತ ಬಾಯಿವರೆಗೂ ಬಂದದ್ದನ್ನು ನುಂಗಿಕೊಂಡೆ. ಕೇಳಿದ್ದರೆ 'ಓಹೋ, ನೀನೂ ಆ ಕಡೆಗೆ ಹೋದೆಯಾ' ಅನ್ನೋರು. ನನ್ನನ್ನು ಯಾವ ಸರ್ಕಾರ ಹಿಡಿದು ಒಳಗೆ ಹಾಕೋದಿತ್ತು ಹೇಳು? ಹೆದರಿಕೆ ನಮ್ಮ ಕಡೆಯವರದೇ.

ಕೊನೆಗೆ ಒಂದು ಬಾಟಲಿ ತೊಳೆದು ನೀರು ತುಂಬಿದೆ. ಚೀಲದ ತಳದಲ್ಲಿಟ್ಟು ಮೇಲೆ ಟವಲ್ ಹಾಸಿ, ಪರೀಕ್ಷೆಗೆ ಕೊಟ್ಟು ಬಂದೆ. ದಾರಿಯಲ್ಲಿ ಸಿಕ್ಕವರಿಗೆ 'ಅತ್ತೆಗೆ ಊಟ' ಅಂದೆ. ಕಳ್ಳಬಟ್ಟಿ ಸಾಗಿಸುವವನೂ ಅಷ್ಟು ಬೆವರಿರಲಾರ. ನೀನು ನನ್ನನ್ನು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥಕ್ಕೆ ಎಳೆದುಕೊಂಡು ಹೋಗ್ತಿದ್ದೆಯಲ್ಲ, ಅದು ಬೇರೆ ನೆನಪಾಗಬೇಕೇ! 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಚಳವಳಿಯ ಬಾವುಟ ಹಾರಿಸಬೇಡಿ ಅಂದರೂ ಹಾರಿಸುತ್ತೇವೆ ಅಂತ ಅಲ್ಲಿ ಸೇರಿದ ಜನ ಪೊಲೀಸರ ಗುಂಡು ತಿಂದರು. ಸತ್ತವರು ಎಷ್ಟು ಅನ್ನುವುದರಲ್ಲೂ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಅದೇ ಸೀಮೆಯವನು ನಾನು, ಟವಲ್ ಸರಿಮಾಡಿಕೊಂಡು ಕೂತಿದ್ದೆ.

ಆ ಅನುಮಾನ ಹೊಸದಲ್ಲ ಕಣೋ. ಮೊದಲಿಂದಲೂ ಒಳಗಿತ್ತು. ನೀನಿದ್ದಾಗ ಅದನ್ನು ನೀನೇ ಬಾಯಿಬಿಟ್ಟು ಹೇಳ್ತಿದ್ದೆ, ನಾನು ಆರಾಮಾಗಿ ಬೈದುಕೊಂಡು ಇರ್ತಿದ್ದೆ. ನನ್ನ ಪಾಲಿನದನ್ನೂ ನೀನೇ ಹೊತ್ತಿದ್ದೆ. ಈಗ ಹೊರೋಕೆ ಯಾರೂ ಇಲ್ಲ. ಎದುರಂಗಡಿಯವರು ಹೇಳಿದರೆ ನಾವು ಕೇಳಲ್ಲ, ನಾವೇ ಹೇಳೋಕೆ ಧೈರ್ಯ ಇಲ್ಲ.

ಇನ್ನೊಂದು. ಇದನ್ನು ಬರೆಯೋಕೆ ಅಂತ ಕೂತಿರಲಿಲ್ಲ. ನೀನು ಮೂರನೇ ಹಂತ ಬೇಕು ಅಂತ ಸಹಿ ಹಾಕಿಸ್ತಾ ಬಂದಾಗ ಎಲ್ಲರೆದುರು 'ಹೋಗಲೋ' ಅಂದಿದ್ದೆ. ಆ ಹಾಳೆ ಕಟ್ಟೆಯ ಮೇಲೆ ಬಿಟ್ಟು ನೀನು ಬೀಡಿ ತರೋಕೆ ಹೋದೆ. ಕೊನೆಯಲ್ಲಿ ಓದಲಾಗದ ಒಂದು ಸಹಿ ಇತ್ತಲ್ಲ, ಯಾರೋ ಡಾಕ್ಟರೂ ನಮ್ಮ ಕಡೆ ಇದ್ದಾರೆ ಅಂತ ನೀನು ವಾರವಿಡೀ ಮೆರೆದಾಡಿದೆಯಲ್ಲ?

ಡಾಕ್ಟರ್ ಅಲ್ಲ ಕಣೋ.

ಕಟ್ಟೆಯವರು ಇದನ್ನು ಓದಿದರೆ ನಾನು ಒಪ್ಪಲ್ಲ, ಈಗಲೇ ಹೇಳಿರ್ತೀನಿ. ನನ್ನ ಸಹಿಯನ್ನು ಬ್ಯಾಂಕಿನವರೇ ನಂಬಲ್ಲ, ಇವರು ಹೇಗೆ ಸಾಬೀತು ಮಾಡ್ತಾರೆ? ಪರೀಕ್ಷೆಯ ವರದಿ ಬಂದಿದೆ. ನೈಟ್ರೇಟ್, ಗಡಸುತನ ಅಂತ ಉದ್ದಕ್ಕೆ ಏನೇನೋ ಇದೆ, ನನಗೆ ಅರ್ಥವಾಗಿದ್ದು ಮೇಲಿನ ತಾರೀಖು ಮಾತ್ರ. ಫೋಟೋ ಕಳಿಸ್ತೀನಿ. ಓದಿ, ಏನಿದ್ದರೂ ನನಗೆ ವಿರುದ್ಧವಾಗಿಯೇ ಹೇಳು. ನಾನು ರೆಡಿ ಇದ್ದೀನಿ.

ನಿನ್ನ,
ಆಡಳಿತ ಪಕ್ಷ

ತಾ.ಕ.: ಇದನ್ನು ಎದುರಿನ ಅಂಗಡಿ ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ಎಮ್ಮೆ ವಿಷಯ ಎತ್ತುತ್ತೀನಿ.