ಆ ಸಾಕೆಟ್ ಸಿಕ್ಕಿತಾ?

ಪುಟ್ಟೀ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾಲ್ಕು ಸಲ ನಿನ್ನ ನಂಬರ್ ಒತ್ತಿದೆ. ನಾಲ್ಕು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮಾತಿಗೆ ಕೂತರೆ ಮತ್ತೆ ನನ್ನ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನೇನಂದೆ, ನೀನೇನಂದೆ ಅನ್ನುವುದೆಲ್ಲ ಇಬ್ಬರಿಗೂ ನೆನಪಿದೆ, ಕೆದಕುವುದು ಬೇಡ. ಒಂದು ಮಾತನ್ನು ಮಾತ್ರ ವಾಪಸ್ ತಗೊಳ್ಳಬೇಕು. "ಸ್ವಲ್ಪ ಹೊತ್ತು ಸುಮ್ಮನೆ ಹುಡುಕಿ ಆಮೇಲೆ ಹೇಳಬಾರದಿತ್ತಾ?" ಅಂದೆನಲ್ಲ, ಅದು. 31 ವರ್ಷ ವಾಯುಪಡೆಯ ಹ್ಯಾಂಗರ್‌ನಲ್ಲಿ ದುಡಿದವನ ಬಾಯಲ್ಲಿ ಬರಬಾರದ ಮಾತು.

ಟೂಲ್ ಬಾಕ್ಸ್ ಮುಚ್ಚುವಾಗ ನಟ್ಟು ಬಿಚ್ಚುವ 10 ಎಂಎಂ ಸಾಕೆಟ್ಟಿನ ಗೂಡು ಖಾಲಿ ಕಂಡಿತು, ನೀನು ನೆಟ್ಟಗೆ ಹೋಗಿ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿದೆ. ಅದು ಒಳಗೆಲ್ಲಾದರೂ ಉಳಿದಿರಬಹುದು ಅಂತ ಆ ದಿನ ನೀನು ಕೈಯಿಟ್ಟಿದ್ದ ಮೂರು ವಿಮಾನಗಳನ್ನೂ ನಿಲ್ಲಿಸಿದರು. ಆರು ಗಂಟೆ ಹಾರಾಟವಿಲ್ಲ. ಬೈದರು, ಮುಖ ತಿರುಗಿಸಿದರು, "ಇವಳು ಸೋಮವಾರದಿಂದ ಇನ್‌ಸ್ಪೆಕ್ಟರ್ ಅಂತೆ" ಅಂತ ನಿನಗೆ ಕೇಳುವ ಹಾಗೇ ಆಡಿಕೊಂಡರು. ಅಷ್ಟೆಲ್ಲ ನುಂಗಿಕೊಂಡು ಅಪ್ಪನ ಹತ್ತಿರ ಹೇಳಿಕೊಳ್ಳೋಣ ಅಂತ ಫೋನ್ ಮಾಡಿದರೆ ಅಪ್ಪನೂ ಅದನ್ನೇ ಹೇಳಿದ. ಇನ್‌ಸ್ಪೆಕ್ಟರ್ ಸ್ಟಾಂಪೇ ಬೇಡ ಅಂತ ಬರೆದುಕೊಡ್ತೀನಿ ಅಂದೆ ನೀನು. ಬರೆದುಕೊಡುವ ಮೊದಲು ಇದನ್ನು ಪೂರ್ತಿ ಓದು.

ನಿನಗೆ ಆಗ ಎಂಟು ತಿಂಗಳು. ನನ್ನದು ರಾತ್ರಿ ಪಾಳಿ. ಒಂದು ಸಾರಿಗೆ ವಿಮಾನದ ಬಾಲದೊಳಗೆ ಎಲಿವೇಟರ್‌ನ, ಅಂದರೆ ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ರೆಕ್ಕೆಯ, ಕಂಟ್ರೋಲ್ ರಾಡ್ ಬದಲಾಯಿಸುವ ಕೆಲಸ. ರಾಡಿನ ಎರಡು ತುದಿಗೆ ಎರಡು ಬೋಲ್ಟು, ಎರಡು ಕ್ಯಾಸಲ್ ನಟ್ಟು, ಆ ನಟ್ಟು ತಿರುಗದ ಹಾಗೆ ಎರಡು ಸ್ಪ್ಲಿಟ್ ಪಿನ್ನು. ಕೆಲಸ ನನ್ನ ಜೊತೆಗಾರನದು, ಡೂಪ್ಲಿಕೇಟ್ ಇನ್‌ಸ್ಪೆಕ್ಷನ್, ಅಂದರೆ ಎರಡನೆಯವನಾಗಿ ಅದನ್ನು ಮತ್ತೆ ನೋಡುವುದು, ನನ್ನದು. ಪಿನ್ನು ಸ್ಟೋರಿನಿಂದ ತಂದವನೂ ನಾನೇ. ಬೆಳಗಿನ ಜಾವ ನಾಲ್ಕೂವರೆಗೆ ಅವನು ತೆವಳಿಕೊಂಡು ಹೊರಬಂದು, "ಆಯ್ತು, ಎರಡೂ ಲಾಕ್ ಮಾಡಿದೀನಿ" ಅಂದ. ನಾನು ಒಳಗೆ ತೆವಳಿ ಹೋಗಬೇಕಿತ್ತು. ಹೋಗಲಿಲ್ಲ. ಮೇಜಿನ ಮೇಲೆ ಫಾರ್ಮ್ ಇತ್ತು, ಸಹಿ ಹಾಕಿದೆ. ಹನ್ನೊಂದು ವರ್ಷ ಅವನ ಕೆಲಸ ನೋಡಿದ್ದೆ, ಒಂದೇ ಒಂದು ಕೊರತೆ ಕಂಡಿರಲಿಲ್ಲ.

ಮನೆಗೆ ಬಂದು ಅಂಗಿ ಬಿಚ್ಚುವಾಗ ಜೇಬಿನಿಂದ ಏನೋ ಟಿಣ್ ಅಂತ ನೆಲಕ್ಕೆ ಬಿತ್ತು. ಸ್ಪ್ಲಿಟ್ ಪಿನ್ನು. ಹೊಸದು, ಕಾಲು ಇನ್ನೂ ಬಾಗಿಸಿರಲಿಲ್ಲ. ತಂದದ್ದು ಎರಡು, ಒಂದು ನನ್ನ ಕೈಯಲ್ಲಿ. ಗಡಿಯಾರ ನೋಡಿದೆ, ಏಳು ಹತ್ತು. ವಿಮಾನ ಆರೂವರೆಗೇ ಏರಿತ್ತು, ಒಳಗೆ ಐದು ಜನ.

ಪಕ್ಕದ ಮನೆಯಲ್ಲಿ ಫೋನ್ ಇತ್ತು ಪುಟ್ಟೀ. ಒಂದು ಕರೆ ಸಾಕಿತ್ತು, ರೇಡಿಯೋದಲ್ಲಿ ವಾಪಸ್ ಕರೆಸುತ್ತಿದ್ದರು. ನಾನು ಮಂಚದ ಅಂಚಿನಲ್ಲಿ ಕೂತು ಲೆಕ್ಕ ಹಾಕಿದೆ. ಟಾರ್ಕ್, ಅಂದರೆ ನಟ್ಟಿನ ಬಿಗಿ, ಸರಿಯಾಗಿ ಕೊಟ್ಟಿದ್ದರೆ ಒಂದು ಹಾರಾಟಕ್ಕೆ ನಟ್ಟು ಬಿಚ್ಚಿಕೊಳ್ಳಲ್ಲ ಅಂತ ಒಂದು ಲೆಕ್ಕ. ಪಿನ್ನು ಇದ್ದೂ ನಾನು ಗದ್ದಲ ಎಬ್ಬಿಸಿದರೆ, ನೋಡದೆ ಸಹಿ ಹಾಕಿದ್ದು ಬಯಲಾಗುತ್ತದೆ ಅಂತ ಇನ್ನೊಂದು. ನೀನು ತೊಟ್ಟಿಲಲ್ಲಿ ಅಳುತ್ತಿದ್ದೆ. ನಿಮ್ಮಮ್ಮ ಬಂದು, "ಯಾಕೆ ಹೀಗೆ ಕೂತಿದ್ದೀರಿ?" ಅಂದಳು. ಏನಿಲ್ಲ ಅಂದೆ. ಒಂದು ಗಂಟೆ ಇಪ್ಪತ್ತು ನಿಮಿಷ ಹಾಗೇ ಕಳೆಯಿತು.

ವಿಮಾನ ಇಳಿಯುವ ಹೊತ್ತಿಗೆ ಸೈಕಲ್ ತುಳಿದುಕೊಂಡು ಹೋದೆ. ಬಾಲದಲ್ಲಿ ಟಾರ್ಚ್ ಬಿಟ್ಟಿದ್ದೀನಿ ಅಂತ ಸುಳ್ಳು ಹೇಳಿ ಒಳಗೆ ತೆವಳಿದೆ, ಕನ್ನಡಿ ಹಿಡಿದು ನೋಡಿದೆ. ಎರಡೂ ಪಿನ್ನು ಇದ್ದವು, ಕಾಲು ಅಚ್ಚುಕಟ್ಟಾಗಿ ಬಾಗಿಸಿದ್ದ. ಇನ್ನೊಂದು ಪಿನ್ನು ಅವನು ಎಲ್ಲಿಂದ ತಂದ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದರೆ ನಾನು ನೋಡಿರಲಿಲ್ಲ ಅನ್ನುವುದು ಅವನಿಗೆ ಗೊತ್ತಾಗುತ್ತಿತ್ತು. ಅವನು ತೀರಿಕೊಂಡು ಆರು ವರ್ಷವಾಯಿತು.

ಇದನ್ನು ಯಾರಿಗೂ ಹೇಳಿರಲಿಲ್ಲ, ನಿಮ್ಮಮ್ಮನಿಗೂ ಹೇಳಿರಲಿಲ್ಲ. ನಿನ್ನೆ ಸಂಜೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವಳಿಗೆ ಬರೆಯಿರಿ" ಅಂದಳು.

ಏನೂ ಆಗಲಿಲ್ಲವಲ್ಲ ಅಂತ ನೀನು ಅನ್ನಬಹುದು. ಆಗಲಿಲ್ಲ, ನಿಜ. ಆದರೆ ಈ ಕೆಲಸದಲ್ಲಿ ಆಗುವುದು ಯಾವಾಗ ಅಂತ ಹೇಳಲು ಬರುವುದಿಲ್ಲ. 2017ರ ಜುಲೈ 10ರಂದು ಅಮೆರಿಕದ ಮರೀನ್ ಪಡೆಯ ಕೆಸಿ-130ಟಿ ವಿಮಾನ ಮಿಸಿಸಿಪ್ಪಿಯ ಮೇಲೆ ಆಕಾಶದಲ್ಲೇ ತುಂಡಾಯಿತು, 16 ಜನ ಸತ್ತರು. ಒಂದು ಪ್ರೊಪೆಲ್ಲರ್ ಬ್ಲೇಡು ಕಿತ್ತುಬಂದು ವಿಮಾನದ ಮೈಯನ್ನು ಸೀಳಿತ್ತು. ಆ ಬ್ಲೇಡಿನಲ್ಲಿ ಕೊರೋಷನ್, ಅಂದರೆ ತುಕ್ಕು, ಇತ್ತು. 2011ರಲ್ಲಿ ಅದು ಸರ್ಕಾರಿ ಡಿಪೋದಲ್ಲಿ ಓವರ್‌ಹಾಲ್‌ಗೆ ಬಂದಾಗ ಅದನ್ನು ತೆಗೆಯದೆ ಬಿಟ್ಟಿದ್ದರು ಅಂತ ತನಿಖೆ ಹೇಳಿತು. ಆರು ವರ್ಷ ಪುಟ್ಟೀ. ಅದನ್ನು ಬೆಂಚಿನ ಮೇಲಿಟ್ಟು ನೋಡಿದವರು ಆ ಸಂಜೆ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿರುತ್ತಾರೆ. ಆ ಸುದ್ದಿ ಓದಿದ ದಿನದಿಂದ ನನಗೆ ಆ ಸತ್ತವರಿಗಿಂತ ಹೆಚ್ಚಾಗಿ ಆ ಬೆಂಚೇ ನೆನಪಾಗುತ್ತದೆ. ನಾನು ಸಹಿ ಹಾಕಿದ ಮೇಜಿನ ಹಾಗೇ ಇದ್ದಿರಬೇಕು ಅನ್ನಿಸುತ್ತದೆ.

ಎರಡನೇ ಕಣ್ಣು ಯಾಕೆ ಬೇಕು ಅಂತ ನಿನ್ನ ಜೊತೆಯವರು ಕೇಳಿದರೆ 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ ವಿಮಾನದ ಕಥೆ ಹೇಳು. ಪ್ರಯಾಣಿಕರ ವಿಮಾನವಾದರೂ ಪಾಠ ಒಂದೇ. 17,300 ಅಡಿ ಎತ್ತರದಲ್ಲಿ ಕಾಕ್‌ಪಿಟ್ಟಿನ ಗಾಜು ಹಾರಿಹೋಗಿ ಕ್ಯಾಪ್ಟನ್ ಅರ್ಧ ಹೊರಗೆ ಸೆಳೆದುಹೋದರು, ಸಿಬ್ಬಂದಿ ಅವರನ್ನು ಹಿಡಿದುಕೊಂಡೇ ಇದ್ದರು, ಬದುಕಿದರು. ಹಾರಾಟಕ್ಕೆ 27 ಗಂಟೆ ಮೊದಲು ರಾತ್ರಿ ಪಾಳಿಯಲ್ಲಿ ಆ ಗಾಜು ಕೂರಿಸಿದ 90 ಬೋಲ್ಟುಗಳಲ್ಲಿ 84 ಬೇಕಾದುದಕ್ಕಿಂತ ಸಣ್ಣ ವ್ಯಾಸದವು. ಹಳೆಯ ಬೋಲ್ಟಿನ ಪಕ್ಕ ಹೊಸದನ್ನಿಟ್ಟು ಕಣ್ಣಳತೆಯಲ್ಲಿ ಆರಿಸಿದ್ದರು. ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಆರಿಸಿದವರೂ ಕೂರಿಸಿದವರೂ ಸಹಿ ಹಾಕಿದವರೂ ಒಬ್ಬರೇ. ಆ ಕೆಲಸಕ್ಕೆ ಎರಡನೆಯವರು ನೋಡಬೇಕೆಂಬ ನಿಯಮವೇ ಇರಲಿಲ್ಲ. ನನಗೆ ನಿಯಮ ಇತ್ತು, ಎರಡನೆಯವನು ನಾನೇ ಆಗಿದ್ದೆ.

ಉಪದೇಶ ಬೇಡ ಅಂದುಕೊಂಡೇ ಕೂತೆ. ಆದರೂ ಒಂದೆರಡು ಮಾತು ಹೇಳದೆ ಇರಲಾರೆ. ಸ್ಟಾಂಪ್ ಬಂದ ಮೇಲೆ ನಿನ್ನ ಕೈಕೆಲಸವನ್ನು ನೀನೇ ಪಾಸ್ ಮಾಡಬೇಡ, ಎಷ್ಟೇ ಜನ ಕಡಿಮೆಯಿರಲಿ. ಪಾಳಿ ಬದಲಾಗುವಾಗ ಬಾಯಿಮಾತಿನ ಹ್ಯಾಂಡೋವರ್ ಒಪ್ಪಬೇಡ, ಎಲ್ಲಿಗೆ ನಿಲ್ಲಿಸಿದ್ದಾರೆ ಅನ್ನುವುದು ಕಾಗದದಲ್ಲಿ ಇರಲಿ. ಮುಂದೆ ಎನ್‌ಡಿಟಿ, ಅಂದರೆ ಭಾಗವನ್ನು ಕೆಡಿಸದೆ ಬಿರುಕು ಹುಡುಕುವ ಪರೀಕ್ಷೆಯ ಕಡೆ ಹೋಗುವ ಆಸೆ ಅಂದಿದ್ದೆ. ಹೋಗು, ಒಳ್ಳೆಯದು. ಡೈ ಪೆನೆಟ್ರೆಂಟ್, ಎಡ್ಡಿ ಕರೆಂಟ್, ಅಲ್ಟ್ರಾಸಾನಿಕ್ ಕಲಿತ ಕೈಗೆ ಎಲ್ಲೂ ಕೆಲಸಕ್ಕೆ ಬರವಿಲ್ಲ. ಆದರೆ ನಿನ್ನ ಆ ಬಿಸಿಲಿಗೆ ಕಪ್ಪಾಗುವ ಕನ್ನಡಕ ಇದೆಯಲ್ಲ, ಅದನ್ನು ಬದಲಾಯಿಸು. ಫ್ಲೋರೆಸೆಂಟ್ ಪೆನೆಟ್ರೆಂಟ್, ಅಂದರೆ ಬಿರುಕಿಗಿಳಿದು ಹೊಳೆಯುವ ಬಣ್ಣ, ನೋಡುವ ಕತ್ತಲೆ ಕೋಣೆಯಲ್ಲಿ ಅಂಥ ಗಾಜು ಕೂಡದು. ಒಳಗೆ ಹೋದ ಮೇಲೆ ಕಣ್ಣು ಕತ್ತಲಿಗೆ ಹೊಂದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ನಿಲ್ಲು. ಆ ಒಂದು ನಿಮಿಷವನ್ನು ಅವಸರದಲ್ಲಿ ತಿನ್ನುವವರನ್ನು ಬಹಳ ನೋಡಿದ್ದೇನೆ. ಬಿರುಕು ಅಂದರೆ ಕೂದಲೆಳೆಯಷ್ಟು ಹಸಿರು ಗೆರೆ, ಕಣ್ಣು ಹೊಂದದಿದ್ದರೆ ಕಾಣುವುದೇ ಇಲ್ಲ.

ಇನ್ನೊಂದು, ಇದು ಹೊಟ್ಟೆಪಾಡಿನ ಮಾತು. ಮಾಡಿದ ಕೆಲಸವನ್ನೆಲ್ಲ ದಿನಾಂಕ, ವಿಮಾನದ ಮಾದರಿ, ಯಾವ ಕೆಲಸ ಅಂತ ಬರೆದು ಮೇಲಿನವರ ಸಹಿ ಹಾಕಿಸಿ ಇಟ್ಟುಕೋ. ಸೇನೆಯ ಅನುಭವ ಸಿವಿಲ್ ಲೈಸೆನ್ಸಿಗೆ ತಾನಾಗಿ ದಾಟುವುದಿಲ್ಲ. ಪುರಾವೆ ಕೇಳುತ್ತಾರೆ, ಪರೀಕ್ಷೆ ಬರೆಸುತ್ತಾರೆ. ಅಮೆರಿಕದಲ್ಲಿ ಅನುಭವದ ಮೇಲೆ ಹೋಗುವವರಿಗೆ ಏರ್‌ಫ್ರೇಮ್ (ವಿಮಾನದ ಮೈ) ಅಥವಾ ಪವರ್‌ಪ್ಲಾಂಟ್ (ಎಂಜಿನ್) ಒಂದಕ್ಕೆ 18 ತಿಂಗಳು, ಎರಡೂ ಬೇಕಾದರೆ 30 ತಿಂಗಳು ಕೆಲಸ ಮಾಡಿದ ದಾಖಲೆ ತೋರಿಸಿದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ. ನಾನು ಬರೆದಿಟ್ಟುಕೊಳ್ಳಲಿಲ್ಲ. ನಿವೃತ್ತನಾದ ಮೇಲೆ 31 ವರ್ಷವನ್ನು ಬಾಯಲ್ಲಿ ಹೇಳಬೇಕಾಯಿತು, ಯಾರೂ ಕೇಳಿಸಿಕೊಳ್ಳಲಿಲ್ಲ.

ಉಪದೇಶ ಉದ್ದವಾಯಿತು, ಬಿಡು.

ನೀನು ಗೂಡು ಖಾಲಿ ಕಂಡಾಗಿನಿಂದ ಇನ್‌ಚಾರ್ಜ್ ಮೇಜಿನ ಮುಂದೆ ನಿಲ್ಲುವವರೆಗೆ ಎಷ್ಟು ಹೊತ್ತಾಯಿತು ಅಂತ ನಾನು ಫೋನಿನಲ್ಲಿ ಕೇಳಿದ್ದೆ. "ನಾಲ್ಕು ನಿಮಿಷ ಇರಬಹುದು ಅಪ್ಪಾ" ಅಂದೆ. ಅಷ್ಟು ಕೇಳಿದ್ದೇ ತಡ, ನನಗೆ ಸಿಟ್ಟು ಬಂತು. ಯಾಕೆ ಅಂತ ಆಗ ತಿಳಿಯಲಿಲ್ಲ. ರಾತ್ರಿ ಮಲಗಿದಾಗ ಆ ಪಿನ್ನು ನೆಲಕ್ಕೆ ಬಿದ್ದ ಸದ್ದು ಮತ್ತೆ ಕೇಳಿಸಿತು. ನೀನು ನಾಲ್ಕು ನಿಮಿಷಕ್ಕೆ ಮಾಡಿದ್ದನ್ನು ನಾನು ಇಷ್ಟು ವರ್ಷ ಮಾಡಲಿಲ್ಲ. ಸಿಟ್ಟು ನಿನ್ನ ಮೇಲಿನದಲ್ಲ ಮಗಳೇ. ತಪ್ಪಾಯಿತು.

ನಿನ್ನ ಬಗ್ಗೆ ಹೆಮ್ಮೆ ಅಂತ ಬರೆಯಲು ಹೊರಟರೆ ಕೈ ತಡೆಯುತ್ತದೆ, ಆ ಮಾತಾಡುವ ಹಕ್ಕು ನನಗಿದೆಯಾ ಅನ್ನಿಸಿ. ಆದರೂ ಬರೆದಿದ್ದೇನೆ, ಇರಲಿ. ಹೆದರಿಕೆಯೂ ಇದೆ. ನಾಳೆಯಿಂದ ನಿನ್ನ ಪಕ್ಕ ಕೂರುವವರು ಕಡಿಮೆಯಾಗುತ್ತಾರೆ, ಹತ್ತು ವರ್ಷದ ಗೆಳೆಯರೇ "ನೋಡೋದೇನು, ಹಾಕು ಸಹಿ" ಅನ್ನುತ್ತಾರೆ. ಬೈದವರಿಗಿಂತ ಹಾಗೆ ಪ್ರೀತಿಯಿಂದ ಕೇಳುವವರು ಕಷ್ಟ.

ಸಾಕೆಟ್ ಸಿಕ್ಕಿತಾ ಅಂತ ನಾನು ಕೇಳಲೇ ಇಲ್ಲ. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು, ಬರೆ. ಸಿಗದಿದ್ದರೆ ಆ ಮೂರು ವಿಮಾನ ಹೇಗೆ ಬಿಟ್ಟರು ಅನ್ನುವುದನ್ನೂ ಬರೆ.

ಇದರ ಜೊತೆ ನನ್ನ ಇನ್‌ಸ್ಪೆಕ್ಷನ್ ಕನ್ನಡಿ ಕಳಿಸುತ್ತಿದ್ದೇನೆ. ಆವತ್ತು ಬಾಲದೊಳಗೆ ಹಿಡಿದದ್ದು ಇದೇ. ಕಡ್ಡಿ ಇನ್ನೂ ಪೂರ್ತಿ ಉದ್ದಕ್ಕೆ ಎಳೆಯುತ್ತದೆ, ಗಾಜಿನ ಹಿಂದಿನ ಗುಂಡು ಮಾತ್ರ ಸ್ವಲ್ಪ ಸಡಿಲ, ಬಿಗಿ ಮಾಡಿಸು. ಸ್ವಂತ ಟೂಲ್ ಒಳಗೆ ಬಿಡುತ್ತಾರಾ ಅಂತ ಮೊದಲು ಕೇಳು. ಬಿಟ್ಟರೆ ಟೂಲ್ ರಿಜಿಸ್ಟರಿನಲ್ಲಿ ನಂಬರ್ ಹಾಕಿಸಿಯೇ ಹ್ಯಾಂಗರಿಗೆ ಒಯ್ಯಿ. ಇಲ್ಲ ಅಂದರೆ ರೂಮಿನಲ್ಲೇ ಇರಲಿ.

ನಿನ್ನ ಅಪ್ಪ